ಮೂರಡಿ ಸಂದಿಯ ಗಾಳಿ, ಗೆರೆ ಇಲ್ಲದ ರಂಗೋಲಿ

ಇವತ್ತು ಮತ್ತಿಕೆರೆಗೆ ಹೋಗೋಣ. ತರ್ಟಿ-ಫಾರ್ಟಿ ಸೈಟು, ಮಹಡಿ ಮೇಲೆ ಮಹಡಿ, ಪಕ್ಕದ ಮನೆಗೂ ನಮ್ಮನೆಗೂ ನಡುವೆ ಮೂರಡಿ ಸಂದಿ. ಆ ಕಡೆ ಕಿಟಕಿ ಇಟ್ಟರೆ ಗಾಳಿ ಬರುತ್ತಾ? ಮೇಸ್ತ್ರಿಯನ್ನ ಕೇಳಿದ್ರೆ "ಬರುತ್ತೆ ಸಾರ್" ಅಂತಾನೆ. ಕಂಪ್ಯೂಟರನ್ನ ಕೇಳಿದ್ರೆ?

ಗಾಳಿ ಹೇಗೆ ಹರಿಯುತ್ತೆ ಅನ್ನೋ ಸಮೀಕರಣ 19ನೇ ಶತಮಾನದಿಂದಲೇ ಇದೆ. ನೇವಿಯರ್ ಮತ್ತು ಸ್ಟೋಕ್ಸ್ ಅವರ ಹೆಸರಲ್ಲಿ. ಆದರೆ ಅದನ್ನ ಲೆಕ್ಕ ಹಾಕಬೇಕಾದರೆ ಕಟ್ಟಡದ ಸುತ್ತಲಿನ ಖಾಲಿ ಜಾಗವನ್ನೆಲ್ಲ ಪುಟ್ಟ ಪುಟ್ಟ ಕೋಶಗಳಾಗಿ ಕತ್ತರಿಸಬೇಕು. ಇದೇ ಮೆಶ್. ಬ್ರಿಟನ್ನಿನ ಲೂಯಿಸ್ ರಿಚರ್ಡ್‌ಸನ್ 1922ರಲ್ಲೇ ಆಕಾಶವನ್ನ ಹೀಗೆ ಚೌಕ ಚೌಕವಾಗಿ ಹಂಚಿಕೊಂಡು, ಪೆನ್ಸಿಲ್ ಹಿಡಿದು ಹವಾಮಾನ ಲೆಕ್ಕ ಹಾಕಿದ ಪುಸ್ತಕ ಬರೆದರು. ಉತ್ತರ ಪೂರ್ತಿ ತಪ್ಪಾಗಿತ್ತು, ಅದು ಬೇರೆ ಮಾತು.

ಮತ್ತಿಕೆರೆಯ ಒಂದು ತುಂಡು ತಗೊಳ್ಳಿ: 100 ಮೀಟರ್ ಉದ್ದ, 100 ಅಗಲ, 50 ಎತ್ತರ. ಒಂದು ಮೀಟರಿನ ಘನಗಳಾಗಿ ಕತ್ತರಿಸಿದರೆ 5 ಲಕ್ಷ ಕೋಶ. ಲ್ಯಾಪ್‌ಟಾಪೇ ಸಾಕು. ಆದರೆ ಮೂರಡಿ ಅಂದ್ರೆ ಒಂದು ಮೀಟರಿಗಿಂತ ಕಡಿಮೆ. ನಮ್ಮ ಸಂದಿ ಒಂದೇ ಕೋಶದಲ್ಲಿ ಮುಳುಗಿ ಹೋಯ್ತು! ಎರಡು ಕಟ್ಟಡಗಳ ನಡುವೆ ಕನಿಷ್ಠ 10 ಕೋಶ ಇರಲಿ ಅಂತ ಈ ಕ್ಷೇತ್ರದ ಮಾರ್ಗಸೂಚಿ ಹೇಳುತ್ತೆ. ಆಗ ಕೋಶದ ಅಳತೆ ಸುಮಾರು 9 ಸೆಂಟಿಮೀಟರ್. ಎಲ್ಲ ಕಡೆ ಅದೇ ಅಳತೆ ಇಟ್ಟರೆ ಕೋಶಗಳ ಸಂಖ್ಯೆ 60 ಕೋಟಿ ದಾಟುತ್ತೆ. ಹಾಗಾಗಿ ಸಂದಿಯಲ್ಲಿ ಸಣ್ಣದು, ಆಕಾಶದಲ್ಲಿ ದೊಡ್ಡದು, ನಡುವೆ ನಿಧಾನಕ್ಕೆ ಬೆಳೆಯೋ ಕೋಶ. ಎಲ್ಲೂ ಸೊಟ್ಟ ಆಗಬಾರದು. ಲೆಕ್ಕ ಹಾಕೋದಕ್ಕಿಂತ ಇದಕ್ಕೇ ಹೆಚ್ಚು ದಿನ ಹಿಡಿಯೋದುಂಟು.

ಮತ್ತಿಕೆರೆಯ ಪಕ್ಕದಲ್ಲೇ ಈ ಕಥೆಯ ಒಂದು ಮುಖ್ಯ ತಿರುವಿದೆ. ಅದು ನಮ್ಮ ಟಾಟಾ ಇನ್ಸ್‌ಟಿಟ್ಯೂಟ್, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆ. ಯುದ್ಧದ ಕಾಲದಲ್ಲಿ, 1942ರಲ್ಲಿ, ಅಲ್ಲಿ ವಿಮಾನ ವಿಜ್ಞಾನ ವಿಭಾಗ ಶುರುವಾಯ್ತು. ಮುಂದೆ 14 ಅಡಿ ಅಗಲ, 9 ಅಡಿ ಎತ್ತರದ ಗಾಳಿ ಸುರಂಗವೂ ಬಂತು. ವಿಮಾನದ ಮಾದರಿಗಳ ಜೊತೆಗೆ ಕಟ್ಟಡಗಳ ಮಾದರಿಗಳನ್ನೂ ಅಲ್ಲಿ ಗಾಳಿಗೆ ಒಡ್ಡಿ ನೋಡಿದ್ದಾರೆ. ಸುರಂಗದಲ್ಲಿ ಒಂದು ಅನುಕೂಲ ಇದೆ. ಮಾದರಿ ಇಟ್ಟರೆ ಸಾಕು, ಸಂದಿಯನ್ನ ಗಾಳಿಯೇ ಹುಡುಕಿಕೊಳ್ಳುತ್ತೆ. ಏನನ್ನ ಇಡಬೇಕು ಅನ್ನೋದನ್ನ ಮಾತ್ರ ಮನುಷ್ಯರೇ ತೀರ್ಮಾನಿಸಬೇಕು. ಇಂಗ್ಲೆಂಡಿನ ಫೆರಿಬ್ರಿಜ್‌ನಲ್ಲಿ ಒಂಟಿ ಕೂಲಿಂಗ್ ಟವರಿನ ಮಾದರಿಯನ್ನ ಪರೀಕ್ಷಿಸಿ, ಎಂಟನ್ನ ಒತ್ತೊತ್ತಾಗಿ ಕಟ್ಟಿದ್ರು. 1965ರ ನವೆಂಬರ್ 1ರ ಬಿರುಗಾಳಿಗೆ ಮೂರು ಉರುಳಿದವು. ಪಕ್ಕದ ಟವರ್ ಗಾಳಿಯನ್ನ ಏನು ಮಾಡುತ್ತೆ ಅಂತ ಯಾರೂ ನೋಡಿರಲಿಲ್ಲ.

ಕಂಪ್ಯೂಟರ್ ಕಾಲ ಬಂದಾಗ ತಲೆನೋವು ಮೆಶ್‌ಗೆ ಬಂತು. ವಿಮಾನದ ರೆಕ್ಕೆ, ಅದರ ಕೆಳಗೊಂದು ಎಂಜಿನ್ನು, ಬಾಂಬು. ಇವುಗಳ ನಡುವೆ ಒಳ್ಳೆ ಜಾಲ ಹೆಣೆಯೋದೇ ಕಷ್ಟ. ಸಂಸ್ಥೆಯ ಪ್ರೊಫೆಸರ್ ಎಸ್. ಎಂ. ದೇಶಪಾಂಡೆ ಮತ್ತು ಎ. ಕೆ. ಘೋಷ್ 1995ರಲ್ಲಿ ಬೇರೆಯದೇ ದಾರಿ ತೋರಿಸಿದರು. ಚುಕ್ಕಿ ರಂಗೋಲಿ ನೆನಪಿಸಿಕೊಳ್ಳಿ. ಮೊದಲು ಚುಕ್ಕಿ, ಆಮೇಲೆ ಗೆರೆ. ಇವರು ಗೆರೆಯನ್ನೇ ಬಿಟ್ಟರು! ಪ್ರತಿ ಚುಕ್ಕಿಗೂ ತನ್ನ ಅಕ್ಕಪಕ್ಕದ ಚುಕ್ಕಿಗಳು ಯಾವುವು ಅಂತ ಗೊತ್ತಿದ್ದರೆ ಸಾಕು. ಲೀಸ್ಟ್ ಸ್ಕ್ವೇರ್ಸ್ ಗಣಿತದಿಂದ ಅಲ್ಲಿನ ಗಾಳಿಯ ಏರಿಳಿತ ಸಿಗುತ್ತೆ. ಇದರ ಹೆಸರು ಎಲ್‌ಎಸ್‌ಕೆಯುಎಂ. ಮೆಶ್ ಇಲ್ಲದ ವಿಧಾನಗಳ ಇತಿಹಾಸದಲ್ಲಿ ಇದಕ್ಕೊಂದು ಜಾಗ ಇದೆ. ಮತ್ತಿಕೆರೆ ಹುಡುಗರಿಗೆ ಇದು ಗೊತ್ತಿರಬೇಕು ಅಂತ ನನ್ನ ಆಸೆ.

ಆದರೆ ಅದು ವೇಗದ ವಿಮಾನಗಳಿಗೆ ಹುಟ್ಟಿದ ವಿಧಾನ. ಚುಕ್ಕಿಗಳನ್ನ ಸರಿಯಾಗಿ ಹರಡೋ ಕೆಲಸವೂ ತಪ್ಪಲಿಲ್ಲ. ಕಟ್ಟಡಗಳ ಗಾಳಿಗೆ ಇವತ್ತಿಗೂ ಹೆಚ್ಚಾಗಿ ಬಳಸೋದು ಮೆಶ್ಶೇ. 2004ರಲ್ಲಿ ಓಪನ್‌ಫೋಮ್ ಉಚಿತವಾಗಿ ಸಿಕ್ಕ ಮೇಲೆ ಕಾಲೇಜು ಹುಡುಗರೂ ಲ್ಯಾಪ್‌ಟಾಪಲ್ಲಿ ಮೆಶ್ ಮಾಡ್ತಾರೆ. ಅದರೊಳಗಿನ ಸ್ನ್ಯಾಪಿಹೆಕ್ಸ್‌ಮೆಶ್ ಮೊದಲು ಇಟ್ಟಿಗೆ ಥರ ಘನಗಳನ್ನ ಜೋಡಿಸಿ, ಗೋಡೆ ಹತ್ತಿರ ಸಣ್ಣದಾಗಿ ಸೀಳಿ, ಗೋಡೆ ಒಳಗೆ ಬಿದ್ದಿದ್ದನ್ನ ಕಿತ್ತು ಹಾಕಿ, ಉಳಿದ ಅಂಚನ್ನ ಗೋಡೆಗೆ ಅಂಟಿಸುತ್ತೆ.

ಅದಕ್ಕೂ ಮುಂಚೆ "ಕ್ಲೀನಪ್" ಅಂತ ಒಂದು ಹಂತ ಇದೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಅಪಾಯದ ಜಾಗ. ಗ್ರಿಲ್ಲು, ಸಜ್ಜೆ, ಸಿಂಟೆಕ್ಸ್ ಟ್ಯಾಂಕು, ಬಟ್ಟೆ ಒಣಗಿಸೋ ತಂತಿ... ಸಣ್ಣದು ಅಂತ ಅಳಿಸ್ತಾರೆ. ತಂತಿ ಅಳಿಸಿದ್ರೆ ಪರವಾಗಿಲ್ಲ. ಆದರೆ ಮಳೆ ಬರುತ್ತೆ ಅಂತ ಆ ಮೂರಡಿ ಸಂದಿ ಮೇಲೆ ಯಾರೋ ಹೊದಿಸಿದ ಶೀಟು? ನಕ್ಷೆಯಲ್ಲಿ ಅದು ಇರೋದೇ ಇಲ್ಲ. ಅದಿಲ್ಲದೆ ಮೆಶ್ ಮಾಡಿದ್ರೆ ಪರದೆ ಮೇಲೆ ಬಣ್ಣ ಬಣ್ಣದ ಚಿತ್ರ ಬರುತ್ತೆ, ಕಂಪ್ಯೂಟರ್ರೂ ಮೇಸ್ತ್ರಿ ಥರಾನೇ "ಬರುತ್ತೆ ಸಾರ್" ಅನ್ನುತ್ತೆ. ಶೀಟಿನ ಕೆಳಗಿನ ರೂಮಲ್ಲಿ ಏಪ್ರಿಲ್ ತಿಂಗಳು ಮಲಗಿದವರನ್ನ ಕೇಳಿ ನೋಡಿ.