ಪುನರುಕ್ತಿ ದೋಷವೋ, ಅಲಂಕಾರವೋ? ಚೈಕೋವ್‌ಸ್ಕಿಯ ಪಿಟೀಲು ಕನ್ಸರ್ಟೊ

ಪುನರುಕ್ತಿಯನ್ನು ದೋಷಗಳ ಸಾಲಿಗೆ ಸೇರಿಸಿದ ದಂಡಿಯೇ ಅದಕ್ಕೊಂದು ಅಪವಾದವನ್ನೂ ಹೇಳಿದ್ದಾನೆ. ಮೊದಲು ಹೇಳಿದ್ದನ್ನು ಯಾವ ವಿಶೇಷವೂ ಇಲ್ಲದೆ ಮತ್ತೆ ಹೇಳಿದರೆ ಅದು ‘ಏಕಾರ್ಥ’ವೆಂಬ ದೋಷ, ಅನುಕಂಪವೇ ಮೊದಲಾದ ಭಾವಗಳ ಅತಿಶಯ ಕವಿಯ ಉದ್ದೇಶವಾಗಿದ್ದರೆ ಅದೇ ಅಲಂಕಾರ. ಕಾವ್ಯಾದರ್ಶದ ಈ ನಿಲುವು ಒಂದು ಪ್ರಶ್ನೆಯನ್ನು ಉಳಿಸುತ್ತದೆ: ಪುನರುಕ್ತಿಯಲ್ಲಿ ವಿಶೇಷವಿದೆಯೇ ಇಲ್ಲವೇ ಎಂದು ತೀರ್ಮಾನಿಸುವವರು ಯಾರು? ಕಾವ್ಯಕ್ಕೆ ಮಾತ್ರ ಸೀಮಿತವಲ್ಲದ ಈ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ರಷ್ಯದ ಸಂಗೀತದಲ್ಲಿಯೂ ಎದ್ದಿತು.

ಚೈಕೋವ್‌ಸ್ಕಿ ತನ್ನ ಡಿ ಮೇಜರ್ ಪಿಟೀಲು ಕನ್ಸರ್ಟೊವನ್ನು 1878ರಲ್ಲಿ ಸ್ವಿಟ್ಜರ್ಲೆಂಡಿನ ಕ್ಲಾರೆನ್ಸ್‌ನಲ್ಲಿ ರಚಿಸಿದನು. ಕನ್ಸರ್ಟೊ ಎಂದರೆ ಏಕವಾದಕನೂ ವಾದ್ಯವೃಂದವೂ ಕೂಡಿ ನುಡಿಸುವ, ಸಾಮಾನ್ಯವಾಗಿ ಮೂರು ಭಾಗಗಳ ದೀರ್ಘ ಕೃತಿ. ಇದನ್ನು ಮೊದಲು ಅರ್ಪಿಸಿದ್ದು ಸೇಂಟ್ ಪೀಟರ್ಸ್‌ಬರ್ಗ್‌ನ ಪ್ರಸಿದ್ಧ ವಾದಕ, ಗುರು ಲಿಯೊಪೋಲ್ಡ್ ಆವರ್‌ಗೆ. ಆತ ನುಡಿಸಲು ಮುಂದಾಗಲಿಲ್ಲ. ಕೊನೆಗೆ 1881ರ ಡಿಸೆಂಬರ್ 4ರಂದು ವಿಯೆನ್ನಾದಲ್ಲಿ ಅಡಾಲ್ಫ್ ಬ್ರಾಡ್‌ಸ್ಕಿ ಇದನ್ನು ಮೊದಲ ಬಾರಿಗೆ ನುಡಿಸಿದನು. ವಿಮರ್ಶಕ ಹಾನ್ಸ್‌ಲಿಕ್ ಕೃತಿಯನ್ನು ಕಟುವಾಗಿ ಜರೆದನು. ಅರ್ಪಣೆ ಬ್ರಾಡ್‌ಸ್ಕಿಯ ಹೆಸರಿಗೆ ಬದಲಾಯಿತು.

ಮುಂದೆ ಆವರ್ ಮನಸ್ಸು ಬದಲಿಸಿದನು. ಆದರೆ ಕೃತಿಯನ್ನು ಇದ್ದಂತೆ ಸ್ವೀಕರಿಸಲಿಲ್ಲ. ಪಿಟೀಲಿನ ಭಾಗವನ್ನು ಅಲ್ಲಲ್ಲಿ ತಿದ್ದಿ, ಕೊನೆಯ ಭಾಗದಲ್ಲಿ ಮರುಕಳಿಸುವ ಕೆಲವು ಸಾಲುಗಳನ್ನು ತೆಗೆದುಹಾಕಿದನು. ಎಲ್ಮನ್, ಹೈಫೆಟ್ಸ್‌ರಂತಹ ಹೆಸರಾಂತ ಶಿಷ್ಯರಿದ್ದ ಗುರುವಿನ ತಿದ್ದುಪಡಿ ಪರಂಪರೆಯಾಗಲು ತಡವಾಗಲಿಲ್ಲ. ಧ್ವನಿಮುದ್ರಣಗಳ ಮೂಲಕ ಕೃತಿಯನ್ನು ಪರಿಚಯಿಸಿಕೊಂಡ ಅನೇಕ ಕೇಳುಗರಿಗೆ ಕತ್ತರಿಸಿದ ಪಾಠವೇ ಮೂಲವೆನಿಸಿತು.

ಆ ಸಾಲುಗಳು ರಚನಕಾರನ ಕಣ್ತಪ್ಪಿನಿಂದ ಉಳಿದವೇ? ಹಾಗೆ ನಂಬುವುದು ಕಷ್ಟ. ಕನ್ಸರ್ಟೊದ ಎರಡನೆಯ ಭಾಗ ಒಪ್ಪಿಗೆಯಾಗದೆ ಅದನ್ನು ಪೂರ್ಣವಾಗಿ ಕೈಬಿಟ್ಟು, ‘ಕಾಂಟ್ಸೊನೆಟ್ಟಾ’ ಎಂಬ ಹೊಸ ಭಾಗವನ್ನು ಬರೆದವನು ಚೈಕೋವ್‌ಸ್ಕಿ. ಇಡೀ ಭಾಗವನ್ನೇ ತೆಗೆಯಲು ಹಿಂಜರಿಯದವನು ಕೆಲವು ಸಾಲುಗಳನ್ನು ಉಳಿಸಿಕೊಂಡಿದ್ದರೆ ಅವು ಬೇಕೆಂದೇ ಉಳಿಸಿಕೊಂಡವು ಎನ್ನಬೇಕು.

ಆ ಅಗತ್ಯದ ಬೇರು ರಷ್ಯದ ಜನಪದ ಕುಣಿತದಲ್ಲಿದೆ. ಅಲ್ಲಿ ಒಂದು ಸಣ್ಣ ಮಟ್ಟು ಬೆಳೆಯುವುದಿಲ್ಲ, ಸುತ್ತುತ್ತದೆ; ಸುತ್ತಿದಷ್ಟೂ ಕಾವೇರುತ್ತದೆ. ಗ್ಲಿಂಕಾ 1848ರಲ್ಲಿ ರಚಿಸಿದ ‘ಕಮಾರಿನ್‌ಸ್ಕಯಾ’ದಲ್ಲಿ ಒಂದೇ ಕುಣಿತದ ಮಟ್ಟು ಹತ್ತಾರು ಬಾರಿ ಬರುತ್ತದೆ, ಬದಲಾಗುವುದು ಅದರ ಹಿನ್ನೆಲೆ. ರಷ್ಯದ ವಾದ್ಯವೃಂದ ಸಂಗೀತವೆಲ್ಲ ಆ ಕೃತಿಯಲ್ಲಿ ಬೀಜರೂಪವಾಗಿದೆಯೆಂದು ಚೈಕೋವ್‌ಸ್ಕಿ ಭಾವಿಸಿದ್ದನು. ಕನ್ಸರ್ಟೊದ ಕೊನೆಯ ಭಾಗದಲ್ಲಿ ಶ್ರುತಿಯಂತೆ ನಿಂತ ಸ್ವರಗಳ ಮೇಲೆ ಪಿಟೀಲಿನ ಕೆಳದನಿಯಲ್ಲಿ ಎರಡನೆಯ ಮಟ್ಟು ಮೊದಲಾಗುತ್ತದೆ. ಮರಳಿ ಮರಳಿ ಬರುತ್ತ ವೇಗ ಪಡೆಯುತ್ತದೆ. ಅಂತ್ಯದ ಸಮೀಪದಲ್ಲಿ ಒಂದು ಚಿಕ್ಕ ನುಡಿ ಪಿಟೀಲಿಗೂ ವೃಂದಕ್ಕೂ ನಡುವೆ ಚೆಂಡಿನಂತೆ ಹಾರಾಡುತ್ತದೆ. ಕಾಗದದ ಮೇಲೆ ಒಂದೇ ಆಗಿ ಕಾಣುವ ಸಾಲು ಕಿವಿಗೆ ಒಂದೇ ಅಲ್ಲ. ಎರಡನೆಯ ಸಲ ಕೇಳುವವನು ಮೊದಲನೆಯದರ ನೆನಪನ್ನು ಹೊತ್ತಿರುತ್ತಾನೆ.

ಆವರ್‌ನ ಪಕ್ಷದಲ್ಲಿಯೂ ನ್ಯಾಯವಿದೆ. ಆತ ಸಭೆಯ ಮುಂದೆ ನಿಂತು ಬಲ್ಲವನು. ಎರಡು ಸಲ ಬರುವ ಸಾಲನ್ನು ಒಂದೇ ಬಗೆಯಾಗಿ ನುಡಿಸಿದರೆ ದಂಡಿ ಹೇಳಿದ ದೋಷ ತಪ್ಪದು. ಆದರೆ ಅದಕ್ಕೆ ಪರಿಹಾರ ಸಾಲನ್ನು ತೆಗೆಯುವುದಲ್ಲ. ಕಮಾನಿನ ಒತ್ತನ್ನು, ದನಿಯ ಗಾತ್ರವನ್ನು, ಲಯದ ಬಿಗಿಯನ್ನು ಬದಲಿಸುವುದು. ರಚನಕಾರ ಬಿಟ್ಟಿರುವ ಅವಕಾಶದಲ್ಲಿ ವಿಶೇಷವನ್ನು ತುಂಬಬೇಕಾದವನು ವಾದಕ. ಸಾಲನ್ನು ಕತ್ತರಿಸಿದಾಗ ಒಬ್ಬನ ವ್ಯಾಖ್ಯಾನ ಉಳಿದವರ ವ್ಯಾಖ್ಯಾನದ ಅವಕಾಶವನ್ನೇ ಮುಚ್ಚಿಬಿಡುತ್ತದೆ.

ಇಂದಿನ ವಾದಕರಲ್ಲಿ ಅನೇಕರು ಪೂರ್ಣ ಪಾಠಕ್ಕೆ ಮರಳಿದ್ದಾರೆ. ಅಚ್ಚಾದ ಮೂಲ ಉಳಿದಿದ್ದುದರಿಂದಲೇ ಇದು ಸಾಧ್ಯವಾಯಿತು. ಹಳಗನ್ನಡ ಕಾವ್ಯಗಳನ್ನು ಸಂಗ್ರಹ ರೂಪದಲ್ಲಿಯೇ ಓದಿ, ಬಿಟ್ಟುಹೋದ ಪದ್ಯಗಳನ್ನು ಪುನರುಕ್ತಿಯೆಂದು ಒಪ್ಪಿಕೊಳ್ಳುವ ನಮ್ಮ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಸಂಗ್ರಹವೂ ಒಂದು ವ್ಯಾಖ್ಯಾನ. ಅದನ್ನು ಒಪ್ಪುವ ಮೊದಲು, ಬಿಟ್ಟ ಪದ್ಯವನ್ನು ಮೂಲದಲ್ಲಿ ಒಮ್ಮೆ ದನಿಯೆತ್ತಿ ಓದಿ ನೋಡುವುದು ಒಳಿತು.