ಸೊಂಟದ ಕೀಲಿನ ಮರುಶಸ್ತ್ರಚಿಕಿತ್ಸೆ: ಸ್ಟೆಮ್ ವಿನ್ಯಾಸ ಮತ್ತು ಮೂಳೆಯ ಮರುರೂಪಣೆ

ಹಿಂದೆ ಕೂರಿಸಿದ ಕೃತಕ ಸೊಂಟದ ಕೀಲು ಸಡಿಲಗೊಂಡಾಗ ಇಲ್ಲವೇ ಸವೆದಾಗ ಅದನ್ನು ತೆಗೆದು ಬೇರೊಂದನ್ನು ಜೋಡಿಸುವುದೇ ಮರುಶಸ್ತ್ರಚಿಕಿತ್ಸೆ. ಅಷ್ಟರಲ್ಲಿ ತೊಡೆಮೂಳೆಯ ಮೇಲ್ಭಾಗ ಸಾಮಾನ್ಯವಾಗಿ ತೆಳುವಾಗಿರುತ್ತದೆ. ಉಳಿದ ಮೂಳೆ ಮುಂದೆ ಬಲಿಯುವುದೋ ಕರಗುವುದೋ ಎಂಬುದು ಬಹುಮಟ್ಟಿಗೆ ಅದರೊಳಗೆ ಇಳಿಸುವ ಲೋಹದ ಕಾಂಡದ, ಅಂದರೆ ಸ್ಟೆಮ್‌ನ, ಬಿಗಿತವನ್ನೂ ಅದು ಎಲ್ಲಿ ಕಚ್ಚಿಕೊಳ್ಳುತ್ತದೆ ಎಂಬುದನ್ನೂ ಅವಲಂಬಿಸಿದೆ.

ಭಾರ ಹೊರುವ ಮೂಳೆ ಬಲಿಯುತ್ತದೆ, ಹೊರದ ಮೂಳೆ ಸೊರಗುತ್ತದೆ ಎಂಬ ತತ್ತ್ವವನ್ನು ಜರ್ಮನಿಯ ಯೂಲಿಯಸ್ ವೋಲ್ಫ್ 1892ರಲ್ಲಿ ಮಂಡಿಸಿದ್ದರು. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ 1962ರಲ್ಲಿ ರೂಢಿಗೆ ತಂದ ಕೀಲನ್ನು ಬೋನ್ ಸಿಮೆಂಟ್ ಹಿಡಿದಿಡುತ್ತಿತ್ತು. ಅದು ಸಡಿಲವಾದಾಗ ಮತ್ತೆ ಸಿಮೆಂಟನ್ನೇ ತುಂಬಿದರು. ಆದರೆ ಸಿಮೆಂಟು ಕಚ್ಚಿಕೊಳ್ಳಲು ಬೇಕಾದ ರಂಧ್ರಮಯ ಮೂಳೆ ಒಳಗೆ ಉಳಿದಿರಲಿಲ್ಲ.

ಬಳಿಕ ಬಂದದ್ದು ಉದ್ದಕ್ಕೂ ರಂಧ್ರಲೇಪವಿರುವ ಕೋಬಾಲ್ಟ್-ಕ್ರೋಮಿಯಂ ಸ್ಟೆಮ್. ಅದು ಕೆಳಗಿನ ಗಟ್ಟಿ ಮೂಳೆಯಲ್ಲಿ ಭದ್ರವಾಗಿ ಕೂರುತ್ತಿತ್ತು. ಭಾರವೆಲ್ಲ ಲೋಹದ ಮೂಲಕವೇ ಕೆಳಗಿಳಿಯುತ್ತಿದ್ದರಿಂದ ಮೇಲಿನ ಮೂಳೆಗೆ ಕೆಲಸವಿರಲಿಲ್ಲ. ಸ್ಟೆಮ್ ದಪ್ಪವಾದಷ್ಟೂ, ಲೇಪ ಹೆಚ್ಚಿದಷ್ಟೂ ಮೂಳೆ ಹೆಚ್ಚು ಕರಗುತ್ತದೆ ಎಂದು ಅಮೆರಿಕದ ಚಾರ್ಲ್ಸ್ ಎಂಗ್ ಮತ್ತು ಕೆನಡಾದ ಜೆ. ಡಿ. ಬಾಬಿನ್ 1988ರಲ್ಲಿ ತೋರಿಸಿದರು. ಬಾಗದಿರುವ ಗುಣ, ಅಂದರೆ ಬಿಗಿತ, ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ: 12 ಮಿ.ಮೀ. ಬದಲು 18 ಮಿ.ಮೀ. ಸ್ಟೆಮ್ ಹಾಕಿದರೆ ಬಿಗಿತ ಸುಮಾರು ಐದು ಪಟ್ಟು. ಟೊಳ್ಳಾದ ಮೂಳೆಗೆ ದಪ್ಪ ಸ್ಟೆಮ್ಮೇ ಬೇಕಾಗುವುದು ಈ ಚಿಕಿತ್ಸೆಯ ಪೇಚು.

ಹಾಗೆಂದು ಮೂಳೆಯಷ್ಟೇ ಮೆದುವಾದ ಸ್ಟೆಮ್ ಪರಿಹಾರವಾಗಲಿಲ್ಲ. ಪ್ಲಾಸ್ಟಿಕ್ ಹೊದಿಸಿದ 'ಐಸೋಎಲಾಸ್ಟಿಕ್' ಸ್ಟೆಮ್‌ಗಳು ಮೇಲ್ಭಾಗದಲ್ಲಿ ಅಲುಗಾಡಿ ಸಡಿಲಗೊಂಡವು.

ತಿರುವು ಕೊಟ್ಟವರು ಜರ್ಮನಿಯ ಹೈನ್ಸ್ ವಾಗ್ನರ್. 1987ರಲ್ಲಿ ಬಂದ ಅವರ ಸ್ಟೆಮ್ ಟೈಟೇನಿಯಂ ಮಿಶ್ರಲೋಹದ್ದು, ಕೆಳಗೆ ಕಿರಿದಾಗುವ ಶಂಕು. ಮೈಮೇಲೆ ಉದ್ದುದ್ದ ಏಣುಗಳು. ಏಣುಗಳು ಮೂಳೆಯನ್ನು ಕಚ್ಚಿ ಸ್ಟೆಮ್ ತಿರುಗದಂತೆ ತಡೆಯುತ್ತವೆ. ಟೈಟೇನಿಯಂನ ಬಿಗಿತ ಕೋಬಾಲ್ಟ್-ಕ್ರೋಮಿಯಂನ ಅರ್ಧದಷ್ಟು. ಹಿಡಿತ ಕೆಳಗಿದ್ದರೂ ಅನೇಕ ರೋಗಿಗಳ ಎಕ್ಸ್-ರೇಯಲ್ಲಿ ಮೇಲೆ ಹೊಸ ಮೂಳೆ ಬೆಳೆದದ್ದು ಕಂಡಿತು. ಇದರ ಶ್ರೇಯಸ್ಸನ್ನೆಲ್ಲ ಲೋಹಕ್ಕೆ ಕೊಡುವುದು ಸರಿಯಲ್ಲ: ಸ್ನಾಯು, ರಕ್ತನಾಳಗಳನ್ನು ಬಿಡಿಸದೆ ಮೂಳೆಯನ್ನು ತೆರೆದು, ಸವೆತದ ಕಣ ತುಂಬಿದ ಪೊರೆಯನ್ನು ತೆಗೆದದ್ದೂ ನೆರವಾಯಿತು. ಕೆಳಕ್ಕೆ ಕುಸಿಯುವುದು ವಾಗ್ನರ್ ಸ್ಟೆಮ್‌ನ ದೌರ್ಬಲ್ಯ. ಮುಂದೆ ಬಂದ, ಬಿಡಿಭಾಗಗಳನ್ನು ಜೋಡಿಸುವ ಸ್ಟೆಮ್‌ಗಳಲ್ಲಿ ಅಳತೆ ಹೊಂದಿಸುವುದು ಸುಲಭವಾಯಿತು, ಆದರೆ ಕೆಲವು ಜೋಡಣೆಯ ಜಾಗದಲ್ಲೇ ಮುರಿದವು.

ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ರಾಬಿನ್ ಲಿಂಗ್, ಗ್ರಹಾಂ ಗೀ ಮೊದಲಾದವರು ದಾನಿಯ ಮೂಳೆಚೂರನ್ನು ಒತ್ತೊತ್ತಾಗಿ ತುಂಬಿ, ನುಣುಪು ಸ್ಟೆಮ್ಮನ್ನು ಸಿಮೆಂಟಿನಲ್ಲಿ ಕೂರಿಸುವ ಬೇರೆ ದಾರಿ ಹಿಡಿದರು. ಕಳೆದುಹೋದ ಮೂಳೆಯನ್ನು ಮರಳಿ ಕಟ್ಟುವ ಗುರಿ ಇದರಲ್ಲೇ ಹೆಚ್ಚು ನೇರ. ಆದರೆ ಸಮಯವೂ ಕೈಚಳಕವೂ ಹೆಚ್ಚು ಬೇಕಾದ್ದರಿಂದ ಟೈಟೇನಿಯಂ ಶಂಕುವಿನ ಬಳಕೆಯೇ ಇಂದು ವ್ಯಾಪಕವಾಗಿದೆ.