ನೋಟದ ಶಿಕ್ಷಣ

ಪ್ರತ್ಯಕ್ಷಜ್ಞಾನಕ್ಕೆ ಕಣ್ಣಿಗೂ ವಸ್ತುವಿಗೂ ಸಂಬಂಧವಾದರೆ ಸಾಲದು, ಮನಸ್ಸಿನ ಸಂಯೋಗವೂ ಬೇಕೆಂಬುದು ನಮ್ಮ ನೈಯಾಯಿಕರ ಮತವು. ಇದಕ್ಕೆ ಸಮೀಪವಾದೊಂದು ಪ್ರಶ್ನೆಯು ಪಾಶ್ಚಾತ್ಯರಲ್ಲಿ ಮುನ್ನೂರು ವರ್ಷಗಳಿಗೂ ಹಿಂದೆ ಹುಟ್ಟಿತು.

1688ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ವಿಲಿಯಂ ಮಾಲಿನೂ ಎಂಬ ಪಂಡಿತನು ಅದನ್ನೆತ್ತಿದನು. ಹುಟ್ಟುಗುರುಡನೊಬ್ಬನು ಗೋಳವನ್ನೂ ಘನಾಕೃತಿಯನ್ನೂ ಮುಟ್ಟಿ ಗುರುತಿಸಬಲ್ಲನಷ್ಟೆ. ಅವನಿಗೆ ದೃಷ್ಟಿ ಬಂದೊಡನೆ, ಮುಟ್ಟದೆಯೇ ಅವೆರಡನ್ನೂ ನೋಟಮಾತ್ರದಿಂದ ಬೇರೆಬೇರೆಯಾಗಿ ಹೆಸರಿಸಬಲ್ಲನೇ? ಮಾಲಿನೂವಿನ ಪತ್ನಿಯೇ ದೃಷ್ಟಿಹೀನಳಾಗಿದ್ದುದರಿಂದ ಅವನಿಗಿದು ಶುಷ್ಕತರ್ಕವಾಗಿರಲಿಲ್ಲ. ತತ್ತ್ವಜ್ಞನಾದ ಜಾನ್ ಲಾಕನು 1694ರಲ್ಲಿ ತನ್ನ ಗ್ರಂಥದ ಎರಡನೆಯ ಮುದ್ರಣದಲ್ಲಿ ಈ ಪ್ರಶ್ನೆಯನ್ನು ಸೇರಿಸಿ, ಮಾಲಿನೂವಿನಂತೆಯೇ 'ಹೆಸರಿಸಲಾರನು' ಎಂದು ಉತ್ತರಿಸಿದನು.

1728ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಚೆಸೆಲ್ಡನನು, ಸುಮಾರು 13 ವರ್ಷದ ಅಂಧಬಾಲಕನೊಬ್ಬನ ಕಣ್ಣಿನ ಪೊರೆಗೆ ತಾನು ಮಾಡಿದ ಚಿಕಿತ್ಸೆಯ ವೃತ್ತಾಂತವನ್ನು ಪ್ರಕಟಿಸಿದನು. ಕಂಡ ವಸ್ತುಗಳೆಲ್ಲವೂ ತನ್ನ ಕಣ್ಣನ್ನೇ ತಾಕುತ್ತಿವೆಯೆಂದು ಆ ಬಾಲಕನು ಭಾವಿಸಿದನು. ಬೆಕ್ಕಾವುದು, ನಾಯಿಯಾವುದು ಎಂದು ತಿಳಿಯಲು ಕೈಯಿಂದ ತಡವಿ ನೋಡಬೇಕಾಯಿತು.

ಇದರ ಕಾರಣವು ಬಹುಕಾಲ ಅಸ್ಪಷ್ಟವಾಗಿತ್ತು. 1963ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹ್ಯೂಬೆಲ್ ಮತ್ತು ವೀಸೆಲ್ ಎಂಬವರು ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಸುಮಾರು ಮೂರು ತಿಂಗಳ ಕಾಲ ಮುಚ್ಚಿ, ಅನಂತರ ತೆರೆದರು. ಕಣ್ಣು ತೆರೆದಿದ್ದರೂ ಮರಿಗೆ ಅದರಿಂದ ಕಾಣಿಸಲಿಲ್ಲ. ಮೆದುಳಿನ ದೃಷ್ಟಿಭಾಗದ ನರಕೋಶಗಳು ಬಹುಮಟ್ಟಿಗೆ ಮತ್ತೊಂದು ಕಣ್ಣಿಗೇ ಅಧೀನವಾಗಿದ್ದವು. ಉಳದೆ ಬಿಟ್ಟ ಹೊಲವನ್ನು ನೆರೆಯವನು ಒತ್ತಿಕೊಳ್ಳುವಂತೆ ಇದು ನಡೆಯುವುದು. ಬೆಳೆದ ಬೆಕ್ಕಿಗಾದರೋ ಇಂಥ ಹಾನಿಯಾಗಲಿಲ್ಲ. ಆದುದರಿಂದ ನರಜಾಲವು ಅನುಭವದಿಂದ ರೂಪುಗೊಳ್ಳುವುದಕ್ಕೆ ಎಳವೆಯೇ ವಿಶೇಷ ಕಾಲವೆಂದು ಸಿದ್ಧವಾಯಿತು. ಇವರಿಬ್ಬರಿಗೂ 1981ರಲ್ಲಿ ನೊಬೆಲ್ ಪಾರಿತೋಷಿಕವು ಸಂದಿತು.

ಹಾಗಾದರೆ ಎಳವೆ ಕಳೆದವರ ಗತಿಯೇನು? ಇದಕ್ಕೆ ಉತ್ತರವು ಭಾರತದ ಮಕ್ಕಳಿಂದಲೇ ದೊರೆಯಿತು. ಪವನ್ ಸಿನ್ಹಾ ಎಂಬ ವಿಜ್ಞಾನಿಯ 'ಪ್ರಕಾಶ್' ಯೋಜನೆಯಲ್ಲಿ ಚಿಕಿತ್ಸೆ ಪಡೆದ, 8ರಿಂದ 17 ವರ್ಷದೊಳಗಿನ ಐವರ ಪರೀಕ್ಷೆಯು 2011ರಲ್ಲಿ ಪ್ರಕಟವಾಯಿತು. ಕೈಯಿಂದ ಮುಟ್ಟಿದ ವಸ್ತುವನ್ನು ಕಣ್ಣಿನಿಂದ ಗುರುತಿಸುವುದು ಅವರಿಗೆ ಮೊದಲು ಸಾಧ್ಯವಾಗಲಿಲ್ಲ. ಲಾಕನ ಉತ್ತರವೇ ನಿಜವಾಯಿತು. ಆದರೆ ಅವರಲ್ಲಿ ಕೆಲವರನ್ನು ಮರಳಿ ಪರೀಕ್ಷಿಸಲಾಗಿ, ಯಾರೂ ಹೇಳಿಕೊಡದಿದ್ದರೂ, ಕೆಲವೇ ದಿನಗಳಲ್ಲಿ ಆ ಶಕ್ತಿಯು ಬಂದಿದ್ದಿತು.

ತಡವಾದವರ ನೋಟವು ಪೂರ್ಣ ಸೂಕ್ಷ್ಮತೆಯನ್ನು ಪಡೆಯದಿರಬಹುದು. ಆದುದರಿಂದ ಕೂಸಿನ ಕಣ್ಣಾಲಿಯಲ್ಲಿ ಬಿಳುಪು ಕಂಡ ಗೃಹಸ್ಥರು, ದೊಡ್ಡದಾದ ಮೇಲೆ ನೋಡೋಣವೆಂದು ಕಾಯದೆ, ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ಕಾಲ ಮೀರಿತೆಂದು ಬೆಳೆದ ಮಗುವನ್ನು ಕತ್ತಲೆಯಲ್ಲಿ ಬಿಡುವುದೂ ಅಷ್ಟೇ ಅನ್ಯಾಯವು.